ನಾಯಿಗಳು ಕಾದು ಕೂತ ದಿನ

ಜೆಫೆರಿನೊ ಸತ್ತು ಎರಡು ವಾರವಾಯಿತು. ಅವತ್ತಿನಿಂದ ಈ ಎಸ್ಟೇಟಿನ ಗಂಡಸರಿಗೆ ಬೇರೆ ಮಾತೇ ಇಲ್ಲ. ನನ್ನ ಅಡುಗೆಮನೆಯ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಸಾಲಾಗಿ ಕೂತು, ಕೊಂಬಿನ ಲೋಟದಲ್ಲಿ ಒಣ ಎಲೆ ನೆನೆಸಿದ ತಣ್ಣನೆಯ ನೀರನ್ನು ಕೈಯಿಂದ ಕೈಗೆ ದಾಟಿಸುತ್ತ, ಅವನಂಥ ಸವಾರ ಇನ್ನು ಹುಟ್ಟುವುದಿಲ್ಲ ಎನ್ನುತ್ತಾರೆ. ಅವನ ಹಗ್ಗ ಒಮ್ಮೆಯೂ ಗುರಿ ತಪ್ಪಿರಲಿಲ್ಲವಂತೆ. ಅವನ ಕಿವಿಗುರುತು ಪಾದ್ರಿಯ ಮಾತಿಗಿಂತ ನೆಚ್ಚಿಕೆಯದಂತೆ. ಕೇಳಿ ಕೇಳಿ ನನಗೆ ವಾಕರಿಕೆ ಬರುತ್ತದೆ. ಮೂವತ್ತೊಂದು ವರ್ಷದಿಂದ ಇವರಿಗೆಲ್ಲ ಬೇಯಿಸಿ ಹಾಕುತ್ತಿರುವವಳು ನಾನು, ಜಸೀರಾ. ಇವರು ಏನನ್ನು ನುಂಗುತ್ತಾರೆ, ಏನನ್ನು ನುಂಗಿಕೊಂಡು ಸುಮ್ಮನಿರುತ್ತಾರೆ ಎಂಬುದು ನನಗೆ ಗೊತ್ತಿದೆ.

ಹಾಗಂತ ಅವನಿಗೆ ಕೆಲಸ ಬರುತ್ತಿರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ನೆಲದ ಮೇಲೆ ಅವನು ನೋಡಲು ಏನೇನೂ ಇರಲಿಲ್ಲ. ಕಾಲೆರಡೂ ಬಿಲ್ಲು, ಬಾತುಕೋಳಿಯ ನಡಿಗೆ, ಮಾತಾಡಿದರೆ ತೊದಲು. ಕುದುರೆ ಹತ್ತಿದನೆಂದರೆ ಬೇರೆಯೇ ಮನುಷ್ಯ. ನಾನು ಈ ಅಡುಗೆಮನೆಗೆ ಬಂದ ಮರುವರ್ಷ ಅವನು ಬಂದ. ಬಸುರಿ ಹೆಂಡತಿಯನ್ನು ಎತ್ತಿನಗಾಡಿಯಲ್ಲಿ ಕೂರಿಸಿ, ತಾನು ಕುದುರೆಯ ಮೇಲೆ, ಹಿಂದೆ ಎರಡು ನಾಯಿ. ಹೆಂಡತಿ ಹೆತ್ತ ಒಂಬತ್ತನೆಯ ದಿನ ಜ್ವರ ಬಂದು ಸತ್ತಳು. ಹೆಣ್ಣುಕೂಸು. ಒಲೆಯ ಪಕ್ಕದ ಸೌದೆಪೆಟ್ಟಿಗೆಯಲ್ಲಿ ಮಲಗಿಸಿ, ಮೇಕೆಹಾಲು ಕುಡಿಸಿ ಸಾಕಿದವಳು ನಾನು. ಲಿಂದಾವ್ರಾ ಎಂದು ಹೆಸರಿಟ್ಟು, ಜ್ಞಾನಸ್ನಾನದ ದಿನ ತೊಟ್ಟಿಯ ಮೇಲೆ ಎತ್ತಿ ಹಿಡಿದು ಅವಳ ಧರ್ಮತಾಯಿ ಆದವಳೂ ನಾನೇ. ಅವತ್ತಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ನಮ್ಮಲ್ಲಿ ಆ ಸಂಬಂಧಕ್ಕೆ ಒಡಹುಟ್ಟಿದವರಿಗಿಂತ ಒಂದು ಹಿಡಿ ಮರ್ಯಾದೆ ಹೆಚ್ಚು.

ಅವನ ಕೆಲಸ ಹಂದಿ. ನಮ್ಮ ಜೌಗಿನಲ್ಲಿ ಕಾಡುಹಂದಿಗಳಿಗೆ ಬರವಿಲ್ಲ. ಯಾವ ಕಾಲದಲ್ಲೋ ಯಾರದೋ ಕೊಟ್ಟಿಗೆಯಿಂದ ತಪ್ಪಿಸಿಕೊಂಡು ಹೋದವು, ತಾಳೆತೋಪುಗಳಲ್ಲಿ ಕಾಯಿ ಮೆಲ್ಲುತ್ತ ಕಾಡಿನವೇ ಆಗಿಬಿಟ್ಟಿವೆ. ಗಂಡುಹಂದಿಯನ್ನು ಹಾಗೇ ಕೊಂದು ತಿನ್ನಲಾಗುವುದಿಲ್ಲ. ಅದರ ಮಾಂಸ ಬಿಸಿ ಬಾಣಲೆಗೆ ಬಿದ್ದ ಕೂಡಲೇ ಹಳೆಯ ಉಚ್ಚೆಯ ನಾತ, ತೊಳೆಯದ ಕಂಕುಳಿನ ನಾತ ಎರಡೂ ಸೇರಿ ಏಳುತ್ತವೆ. ಅದಕ್ಕೇ ನಮ್ಮವರು ಹಂದಿಯನ್ನು ಎರಡು ಸಲ ಹಿಡಿಯುತ್ತಾರೆ. ಮೊದಲ ಸಲ ನಾಯಿಗಳು ಅಡ್ಡಗಟ್ಟಿ ನಿಲ್ಲಿಸುತ್ತವೆ, ಸವಾರ ಕುದುರೆಯ ಮೇಲಿಂದಲೇ ಹಗ್ಗ ಬೀಸಿ ಬಿಗಿಯುತ್ತಾನೆ, ಇಳಿದು ಕಾಲು ಕಟ್ಟಿ, ಬೀಜ ತೆಗೆದು, ಗಾಯಕ್ಕೆ ಬೂದಿ ಮೆತ್ತಿ ಬಿಟ್ಟುಬಿಡುತ್ತಾನೆ. ಒಂದೆರಡು ವರ್ಷದಲ್ಲಿ ಅದು ಪೀಪಾಯಿಯಂತೆ ಕೊಬ್ಬಿರುತ್ತದೆ. ಎರಡನೆಯ ಸಲ ಹಿಡಿದಾಗ ಕೊಲ್ಲುವುದು. ಆ ಮಾಂಸ ಬೆಣ್ಣೆ. ಅದರ ಕೊಬ್ಬಿನಲ್ಲೇ ಇಲ್ಲಿನ ಪ್ರತಿ ಮನೆಯ ಒಗ್ಗರಣೆ.

ಬೀಜ ತೆಗೆದದ್ದಕ್ಕೆ ಗುರುತು ಎಡಗಿವಿ. ಅರ್ಧ ಕಿವಿಯನ್ನು ನೇರವಾಗಿ ಕೊಯ್ದುಬಿಡುವುದು. ಅದನ್ನು ಕಡೆಗೇ ಕೊಯ್ಯಬೇಕು. ಮೊದಲು ಬೀಜ, ಅದನ್ನು ಅಲ್ಲೇ ನಾಯಿಗಳಿಗೆ ಎಸೆಯಬೇಕು, ಅದು ಅವುಗಳ ಪಾಲು. ಆಮೇಲೆ ಬೂದಿ. ಆಮೇಲೆ ಕಿವಿ. ಕಿವಿ ಎಂದರೆ ಸಹಿ ಇದ್ದ ಹಾಗೆ. ಈ ಎಸ್ಟೇಟಿನಲ್ಲಿ ಆ ಸಹಿ ಜೆಫೆರಿನೊನದೊಂದೇ. ಅರ್ಧ ಕಿವಿ ಕಂಡರೆ ಕಣ್ಣು ಮುಚ್ಚಿ ಬಾಣಲೆಗೆ ಹಾಕಬಹುದು ಎಂದು ಇಪ್ಪತ್ತು ವರ್ಷ ಎಲ್ಲರೂ ಹೇಳಿದರು, ನಾನೂ ಹೇಳಿದೆ.

ಈಗ ಆ ದಿನದ ಮಾತು. ದೊಡ್ಡ ನೆರೆ ಇಳಿದ ಮರುವರ್ಷ. ದನ ಕೂಡಿಸುತ್ತಿದ್ದ ಬಯಲಿಗೆ ನಾನು ಗಾಡಿಯಲ್ಲಿ ಊಟ ತೆಗೆದುಕೊಂಡು ಹೋಗಿದ್ದೆ. ಅನ್ನ, ಒಣಮಾಂಸ, ಮರಗೆಣಸಿನ ಹಿಟ್ಟು. ಪಾತ್ರೆ ಇಳಿಸುವಷ್ಟರಲ್ಲಿ ತೋಪಿನ ಕಡೆ ನಾಯಿಗಳು ಬೊಗಳಿದವು. ಜೆಫೆರಿನೊನ ಮುದಿ ಹೆಣ್ಣುನಾಯಿ ಪಿತಾಂಗಾ, ಅದರ ಮರಿ ಫಾಯಿಸ್ಕಾ. ಅವುಗಳ ನಡುವೆ ಕಪ್ಪು ಹಂದಿಯೊಂದು ಬಯಲಿಗೆ ನುಗ್ಗಿತು. ಅಷ್ಟು ದೊಡ್ಡದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಜೆಫೆರಿನೊ ಅನ್ನದ ತಟ್ಟೆ ಹಿಡಿದವನು ಅದನ್ನು ನನ್ನ ಕೈಗೆ ತುರುಕಿ ಕುದುರೆ ಹತ್ತಿದ.

"ಬಿಡೋ ಕೊಂಪಾದ್ರೆ, ಅದು ಹಂದಿ ಅಲ್ಲ, ಕೋಣ!" ಎಂದೆ.

"ಅನ್ನ ಆರೋಷ್ಟರಲ್ಲಿ ಬಂದೆ, ಮುಚ್ಚಿಡು," ಎಂದು ಹೋದ.

ಅವನ ಬೂದುಬಣ್ಣದ ಕುದುರೆ ತಗ್ಗಿನಲ್ಲಿ ನಿಂತಿದ್ದ ಮೊಣಕಾಲುದ್ದದ ನೀರು ಸಿಡಿಸುತ್ತ ದಾಟಿತು. ಹಗ್ಗ ಹೋಗಿ ಹಂದಿಯ ಕೊರಳಿಗೂ ಒಂದು ಮುಂಗಾಲಿಗೂ ಸೇರಿಯೇ ಬಿತ್ತು. ಕುದುರೆ ಹಿಂಗಾಲೂರಿ ನಿಂತಿತು. ಅಷ್ಟು ಚೆಂದದ ಕೆಲಸ. ನನ್ನ ಹೊಟ್ಟೆಯಲ್ಲಿ ಎಷ್ಟು ಸಿಟ್ಟಿದ್ದರೂ ಅದನ್ನು ಚೆಂದವಲ್ಲ ಎನ್ನಲಾರೆ. ಆದರೆ ಅವನು ಇಳಿದು ಕಾಲು ಕಟ್ಟುವ ಹೊತ್ತಿಗೆ ಹಂದಿ ಕೋರೆ ಬೀಸಿತು. ಪಿತಾಂಗಾದ ಹೊಟ್ಟೆ ಈ ತುದಿಯಿಂದ ಆ ತುದಿಗೆ ಹರಿಯಿತು. ಅದರ ಕೂಗು ಗಾಡಿಯ ತನಕ ಕೇಳಿಸಿತು.

ಮೇಸ್ತ್ರಿ ಅಬೀಲಿಯೊ ಕುದುರೆಯ ಮೇಲೆ ಕೂತು ನಗುತ್ತಿದ್ದ. "ಏನೋ ಜೆಫೆರಿನೊ, ಹಂದೀನ ಕಟ್ತಿದೀಯೋ, ಅದ್ರ ಜೊತೆ ಡ್ಯಾನ್ಸ್ ಮಾಡ್ತಿದೀಯೋ? ಆಯ್ತಾ ಇಲ್ವಾ?"

ಜೆಫೆರಿನೊನ ಬೆನ್ನು ನಮ್ಮ ಕಡೆಗಿತ್ತು. ಬಾಗಿದ, ಎದ್ದ. ಎದ್ದಾಗ ಕೈಯಲ್ಲಿ ಅರ್ಧ ಕಿವಿ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, "ಆಯ್ತು!" ಎಂದು ಕೂಗಿದ. ಗಂಡಸರು ಟೋಪಿ ಬೀಸಿ ಕೇಕೆ ಹಾಕಿದರು. ಹಗ್ಗ ಸಡಿಲವಾಯಿತು, ಹಂದಿ ತೋಪಿಗೆ ನುಗ್ಗಿತು. ಅವನು ಪಿತಾಂಗಾವನ್ನು ಎತ್ತಿ, ಕರುಳು ಬೀಳದಂತೆ ತನ್ನ ಟೋಪಿಯನ್ನು ಅದರ ಹೊಟ್ಟೆಗೆ ಒತ್ತಿ ಹಿಡಿದು, ಜೀನಿನ ಮೇಲೆ ಮಲಗಿಸಿಕೊಂಡ.

ಫಾಯಿಸ್ಕಾ, ಜೊತೆಗೆ ಮೇಸ್ತ್ರಿಯ ನಾಯಿ, ಎರಡೂ ಅವನ ಮುಂದೆ ನಾಲಿಗೆ ಚಾಚಿ, ಬಲಗೈಯನ್ನೇ ನೋಡುತ್ತ ಕೂತಿದ್ದವು. ಪ್ರತಿ ಸಲವೂ ಹಾಗೇ ಕೂರುವುದು. ಅವನು ಏನೂ ಎಸೆಯಲಿಲ್ಲ, ಹೊರಟುಹೋದ. ಅವು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಆಮೇಲೆ ಎದ್ದು ತುಳಿದ ಹುಲ್ಲನ್ನೆಲ್ಲ ಮೂಸಿದವು. ನಾನು ನೋಡಿದೆ. ಪಾಪ, ನಾಯಿಯ ಸಂಕಟದಲ್ಲಿ ಇವುಗಳ ಪಾಲು ಮರೆತ ಎಂದುಕೊಂಡೆ.

ಪಿತಾಂಗಾ ನನ್ನ ಅಡುಗೆಮನೆಯ ನೆಲದ ಮೇಲೆ ಸತ್ತಿತು. ಚೀಲ ಹೊಲಿಯುವ ದಾರದಲ್ಲಿ ಹೊಟ್ಟೆ ಹೊಲಿದೆ, ಉಳಿಯಲಿಲ್ಲ. ಅವನು ಅತ್ತ. ಅವನು ಅಳುವುದನ್ನು ನೋಡಿ ನಾನೂ ಅತ್ತೆ. ಆ ಕಣ್ಣೀರನ್ನು ನೆನೆದರೆ ಈಗ ಅಸಹ್ಯವಾಗುತ್ತದೆ.

ಎರಡು ವರ್ಷದ ಮೇಲೆ ಲಿಂದಾವ್ರಾಳ ಮದುವೆ ಗೊತ್ತಾಯಿತು. ಹುಡುಗ ಹೊಳೆಯಾಚೆಯ ಎಸ್ಟೇಟಿನವನು. ಮದುವೆಯ ಊಟ ಇಲ್ಲೇ, ಮಾವಿನಮರದ ಕೆಳಗೆ. "ನನ್ ಮಗಳ ಮದ್ವೆಗೆ ನನ್ ಗುರುತಿನ ಹಂದೀನೇ ಆಗ್ಬೇಕು," ಎಂದು ಜೆಫೆರಿನೊ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಆ ವರ್ಷ ಹಂದಿಗಳು ದೂರ ಹೋಗಿದ್ದವು. ಮೂರು ದಿನ ಸುತ್ತಿದ. ಮದುವೆಯ ಹಿಂದಿನ ದಿನ ಮಧ್ಯಾಹ್ನ ಬಂದ. ಎರಡು ಗೋಣಿಯಲ್ಲಿ ಮಾಂಸ, ಮೇಲೆ ಹಂದಿಯ ತಲೆ, ತಲೆಗೆ ಅರ್ಧ ಕಿವಿ.

ಅವನು ಎಂದೂ ಹೊರಗೆ ಸುಲಿದವನಲ್ಲ. ಹಂದಿಯನ್ನು ಇಡಿಯಾಗಿ ಅಂಗಳಕ್ಕೆ ತಂದು ಕೆಡವುವುದು, ಹೆಂಗಸರು ಕರುಳು ತೊಳೆಯುವುದು, ಕೊಬ್ಬು ಕಾಯಿಸುವುದು, ಅದೊಂದು ಹಬ್ಬ.

"ಇದೇನ್ ಕೊಂಪಾದ್ರೆ, ಅಲ್ಲೇ ಸುಲ್ಕೊಂಡ್ ಬಂದಿದೀಯಾ? ಕರುಳೆಲ್ಲಿ?"

"ಬಿಸ್ಲು ಜಾಸ್ತಿ ಇತ್ತು. ಕೆಟ್ಟೋಗತ್ತೆ ಅಂತ." ನನ್ನ ಮುಖ ನೋಡಲಿಲ್ಲ. "ಕೊಮಾದ್ರೆ, ಹುಳಿಕಿತ್ತಳೆ ಜಾಸ್ತಿ ಹಿಂಡು. ಬೆಳ್ಳುಳ್ಳೀನೂ ಜಡಿ."

"ನಿನ್ ಗುರುತಿನ ಹಂದಿಗೆ ಕಿತ್ತಳೆ ಯಾಕೋ?"

"ಮದ್ವೆ ಅಲ್ವಾ," ಎಂದ. ಕುದುರೆಗೆ ನೀರು ತೋರಿಸುವ ನೆಪದಲ್ಲಿ ಹೋಗಿಬಿಟ್ಟ.

ಫಾಯಿಸ್ಕಾಗೆ ಗೆಣಸು ಬೆರೆಸಿದ ಗಂಜಿ ಹಾಕಿದೆ. ಅದು ಮೂಸಿ ನೋಡಿ ಮಲಗಿತು. ಅದರ ಮೂತಿಯ ಕೂದಲಿನಲ್ಲಿ ರಕ್ತ ಒಣಗಿತ್ತು. ಹೊಟ್ಟೆ ತುಂಬಿಸಿಕೊಂಡೇ ಬಂದಿತ್ತು.

ಮಾರನೆಯ ದಿನ ಬೆಳಿಗ್ಗೆ ಮೊದಲ ತುಂಡುಗಳನ್ನು ಕಾದ ಕೊಬ್ಬಿಗೆ ಬಿಟ್ಟೆ. ಬಿಟ್ಟ ಕ್ಷಣಕ್ಕೆ ನಾತ ಎದ್ದಿತು. ಒಂದು ಹೆಜ್ಜೆ ಹಿಂದೆ ಸರಿದೆ. ಕೆಟ್ಟ ಮಾಂಸದ ವಾಸನೆ ಬೇರೆ, ಅದು ಸಿಹಿ ಹೊಡೆಯುತ್ತದೆ. ಇದು ಬೀಜದ ಹಂದಿ. ಬೀಜ ತೆಗೆಯದೇ ಬಿಟ್ಟದ್ದು. ಆ ಕ್ಷಣವೇ ಬಯಲಿನಲ್ಲಿ ನಾಲಿಗೆ ಚಾಚಿ ಕೂತಿದ್ದ ಎರಡು ನಾಯಿಗಳು ನೆನಪಾದವು. ಅವತ್ತು ತಪ್ಪಿದ ಪಾಲು ಎರಡು ವರ್ಷ ತಡವಾಗಿ, ನಿನ್ನೆ, ಫಾಯಿಸ್ಕಾಗೆ ಸಿಕ್ಕಿದೆ. ಕೊಂದ ಕೂಡಲೇ ಬೀಜ ತೆಗೆದು ಬಿಸಾಕಿದರೆ ನಾತ ಮಾಂಸಕ್ಕೆ ಇಳಿಯುವುದಿಲ್ಲ ಎಂದು ಗಂಡಸರು ಹೇಳುವುದುಂಟು. ಅವರು ಅಡುಗೆ ಮಾಡುವವರಲ್ಲ.

ಅವನನ್ನು ಕರೆಸಿದೆ. ಹೊಸ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಮದುಮಗಳ ಅಪ್ಪನಾಗಿ ಬಂದು ನಿಂತ.

"ಕೊಂಪಾದ್ರೆ, ಇದು ಬೀಜದ ಹಂದಿ."

"ಏನ್ ಮಾತು ಅಂತ ಆಡ್ತೀಯ?"

"ಮೂಸಿ ನೋಡು."

ಮೂಸಲಿಲ್ಲ. "ನಿನ್ ಮೂಗಿಗೆ ವಯಸ್ಸಾಯ್ತು ಕೊಮಾದ್ರೆ. ತಲೆ ನೋಡಿದ್ಯಲ್ಲ? ಕಿವಿ ನೋಡಿದ್ಯಲ್ಲ? ನನ್ ಗುರುತು ಸುಳ್ಳಾ ಹಾಗಾದ್ರೆ?"

ಅಲ್ಲಿ ನಾನು ಬಾಣಲೆ ಎತ್ತಿ ಹೊರಗೆ ಸುರಿಯಬೇಕಿತ್ತು. ಹತ್ತಿಪ್ಪತ್ತು ಕೋಳಿ ಕೊಯ್ದಿದ್ದರೆ ಮುಗಿಯುತ್ತಿತ್ತು. ನಾನು ಮಾಡಲಿಲ್ಲ. ಇಪ್ಪತ್ತು ವರ್ಷ ನೆಚ್ಚಿದ ಗುರುತಿನ ಮುಂದೆ ನನ್ನ ಮೂಗನ್ನೇ ಅನುಮಾನಿಸಿದೆ. ಇನ್ನೂ ನಿಜ ಹೇಳಬೇಕೆಂದರೆ, ಮಗಳ ಮದುವೆಯ ದಿನ ಅಪ್ಪನ ಮಾನ ಕಳೆಯಲು ಮನಸ್ಸು ಬರಲಿಲ್ಲ. ಕಿತ್ತಳೆ ಹಿಂಡಿದೆ. ಹಿಂಡಿ ಹಿಂಡಿ ಕೈ ಉರಿಯುವಷ್ಟು ಹಿಂಡಿದೆ. ಅವನ ಬಗ್ಗೆ ನನಗಿರುವ ಹೇಸಿಗೆಯಲ್ಲಿ ಒಂದು ಪಾಲು ನನ್ನ ಬಗ್ಗೆಯೇ ಇದೆ.

ಊಟಕ್ಕೆ ಅರವತ್ತು ಜನ ಕೂತರು. ಪಾದ್ರಿ ಮೊದಲ ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು, ನುಂಗಲೂ ಆಗದೆ ಉಗಿಯಲೂ ಆಗದೆ, ಕಣ್ಣಲ್ಲಿ ನೀರು ತಂದುಕೊಂಡು ಕೂತ. ಒಬ್ಬೊಬ್ಬರದೇ ಚಮಚ ನಿಂತಿತು. ಮಕ್ಕಳು ಥೂ ಎಂದು ಉಗಿದವು. ಈ ನಾತ ಕೆಲವು ಮೂಗುಗಳಿಗೆ ಹತ್ತುವುದೇ ಇಲ್ಲ. ಹುಡುಗನ ಅಪ್ಪ ಅಂಥವನು. ಎರಡು ತಟ್ಟೆ ಖಾಲಿ ಮಾಡಿ, "ಯಾಕ್ರಪ್ಪಾ ಎಲ್ರೂ ನಿಲ್ಲಿಸಿಬಿಟ್ರಿ? ಒಳ್ಳೆ ಖಾರ ಬಿದ್ದಿದೆ!" ಎಂದು ಮೂರನೆಯದಕ್ಕೆ ಕೈ ಚಾಚಿದ. ಅವನ ಪಕ್ಕದಲ್ಲಿ ಕೂತಿದ್ದ ಲಿಂದಾವ್ರಾ ಎದ್ದು ಓಡಲು ಹೋಗಿ, ಎರಡು ಹೆಜ್ಜೆಗೆ ವಾಂತಿ ಮಾಡಿಕೊಂಡಳು. ಅವಳ ಮದುವೆಯ ಉಡುಪಿಗೆಂದು ನಾನು ಮೂರು ತಿಂಗಳು ಕೂತು ಹೆಣೆದ ಲೇಸಿನ ಮೇಲೆ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಅಬೀಲಿಯೊ ನನ್ನನ್ನು ಅಂಗಳಕ್ಕೆ ಕರೆಸಿದ. ಬೆಂಚಿನ ಮೇಲೆ ಗಂಡಸರು, ಕೊಂಬಿನ ಲೋಟ ಸುತ್ತುತ್ತಿತ್ತು. ಹೊಳೆಯಾಚೆಯ ನೆಂಟರು ಹೊರಡಲು ಕುದುರೆಗೆ ಜೀನು ಹಾಕುತ್ತಿದ್ದರು. ಲಿಂದಾವ್ರಾ ಗಂಡನ ಪಕ್ಕದಲ್ಲಿ ನಿಂತಿದ್ದಳು.

"ಜಸೀರಾ, ಮಾಂಸ ಹೇಗೆ ಕೆಟ್ಟೋಯ್ತು? ಬಿಸ್ಲಲ್ಲಿ ಇಟ್ಟಿದ್ಯಾ? ಮಾಲೀಕರ ಮರ್ಯಾದೆ ಹೋಯ್ತು."

"ಕೆಟ್ಟಿರ್ಲಿಲ್ಲ ಮೇಸ್ತ್ರಿ. ಅದು ಬೀಜದ ಹಂದಿ. ನಿಮ್ ಮೂಗಿಗೂ ಗೊತ್ತು."

ಗಂಡಸರು ಲೋಟವನ್ನು ಮುಂದಕ್ಕೆ ದಾಟಿಸಿದರು. ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಹಾಲು ಕುಡಿಯುವಾಗಿನಿಂದ ಆ ನಾತ ತಿಳಿದವರು. ಆದರೆ ಹೌದು ಎಂದರೆ ಜೆಫೆರಿನೊನ ಗುರುತು ಸುಳ್ಳಾಗುತ್ತದೆ, ತಮ್ಮ ತಮ್ಮ ಮನೆಯ ಕೊಬ್ಬಿನ ಡಬ್ಬಿಯೂ ಅನುಮಾನಕ್ಕೆ ಬೀಳುತ್ತದೆ. ಅಡುಗೆಯವಳ ತಪ್ಪು ಎಂದುಬಿಟ್ಟರೆ ಎಲ್ಲರಿಗೂ ಹಗುರ.

ಮೇಸ್ತ್ರಿ ಅವನ ಕಡೆ ತಿರುಗಿದ. "ಜೆಫೆರಿನೊ, ಹಂದಿ ಸರಿಯಾಗಿತ್ತಾ?"

ಅವನು ತನ್ನ ಬೂಟು ನೋಡಿಕೊಂಡ. ತೊದಲದೆ ಹೇಳಿದ: "ಕಿವಿ ಮೇಲೆ ಗುರುತಿತ್ತು. ಅಡುಗೆಮನೇಲಿ ಏನಾಯ್ತೋ ನಂಗೊತ್ತಿಲ್ಲ."

ನನ್ನ ಒಲೆಯ ಪಕ್ಕ ಬೆಳೆದ ಮಗಳ ಅಪ್ಪ. ಮದುವೆಯ ಊಟ ಕೆಡಿಸಿದ ಅಡುಗೆಯವಳನ್ನು ಸುತ್ತಲಿನ ಯಾವ ಎಸ್ಟೇಟೂ ಸೇರಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಈ ಅಡುಗೆಮನೆ ಬಿಟ್ಟರೆ ನನಗೆ ಭೂಮಿಯ ಮೇಲೆ ಬೇರೆ ಸೂರಿಲ್ಲ ಎಂದೂ ಗೊತ್ತಿತ್ತು.

"ಕೊಂಪಾದ್ರೆ," ಎಂದೆ, "ಒಂದೇ ಮಾತು ಕೇಳ್ತೀನಿ. ಪಿತಾಂಗಾ ಸತ್ತ ದಿನ ನಾಯಿಗಳು ಏನ್ ತಿಂದ್ವು?"

ಕೊಂಬಿನ ಲೋಟ ಒಬ್ಬನ ತುಟಿಯ ಹತ್ತಿರ ನಿಂತುಬಿಟ್ಟಿತು. ಆ ದಿನ ಬಯಲಿನಲ್ಲಿದ್ದವರು ಅಲ್ಲಿ ಐದಾರು ಜನವಾದರೂ ಇದ್ದರು. ಒಬ್ಬೊಬ್ಬನ ಮುಖದಲ್ಲಿ ಆ ಬಯಲು ಬಂದು ಹೋದದ್ದು ನನಗೆ ಕಂಡಿತು. ಮೇಸ್ತ್ರಿಯ ನಾಯಿಯೂ ಅಲ್ಲಿ ಕಾದಿತ್ತಲ್ಲ.

"ನೆ... ನೆನಪಿಲ್ಲ," ಎಂದ ಜೆಫೆರಿನೊ.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಹಳೇ ಕತೆ ಯಾಕೆ ಈಗ? ಸಾಮಾನು ಕಟ್ಕೋ ಜಸೀರಾ. ನಾಳೆ ಬೆಳಿಗ್ಗೆ ಗಾಡಿ ಹೊರಡತ್ತೆ."

ಲಿಂದಾವ್ರಾ ಕುದುರೆ ಹತ್ತಿದಳು. ನಡೆಯಲು ಕಲಿತಾಗಿನಿಂದ ಅವಳು ಹೊಸಿಲು ದಾಟುವಾಗಲೆಲ್ಲ ಕೈ ಮುಂದೆ ಮಾಡಿ ನನ್ನ ಆಶೀರ್ವಾದ ಕೇಳುತ್ತಿದ್ದವಳು, ಅವತ್ತು ಕೇಳಲಿಲ್ಲ. ಗಂಡನ ಮನೆಯವರ ಎದುರಿಗೆ ಅಪ್ಪನ ಮಾನ ತೆಗೆದವಳು ನಾನು. ನನ್ನ ಕೈ ತಾನಾಗಿಯೇ ಎದ್ದಿತ್ತು, ಲಂಗಕ್ಕೆ ಒರೆಸಿಕೊಳ್ಳುವವಳ ಹಾಗೆ ಇಳಿಸಿದೆ.

ಮಾರನೆಯ ಬೆಳಿಗ್ಗೆ ತಗಡಿನ ಟ್ರಂಕು ಅಂಗಳದಲ್ಲಿಟ್ಟು ಅದರ ಮೇಲೆ ಕೂತೆ. ಬಿಸಿಲೇರಿತು, ಗಾಡಿ ಬರಲಿಲ್ಲ. ಮೇಸ್ತ್ರಿ ಬಂದು ಅಡುಗೆಮನೆಯ ಖಾಲಿ ಕಿಟಕಿಯೊಳಗೆ ಇಣುಕಿ, ಆಮೇಲೆ ನನ್ನ ಕಡೆ ನೋಡದೆ, "ಕಾಫಿ ಎಲ್ಲಿ?" ಎಂದ. ನಲವತ್ತು ಜನರಿಗೆ ಬೇಯಿಸುವ ಇನ್ನೊಬ್ಬಳನ್ನು ಈ ಜೌಗಿನಲ್ಲಿ ಎಲ್ಲಿಂದ ತರುತ್ತಾನೆ? ಟ್ರಂಕು ಎಳೆದುಕೊಂಡು ಒಳಗೆ ಹೋಗಿ ಒಲೆ ಹಚ್ಚಿದೆ. ಕ್ಷಮಿಸು ಎಂದು ಒಬ್ಬನೂ ಅನ್ನಲಿಲ್ಲ. ಜೆಫೆರಿನೊ ಎಂದಿನಂತೆ ಕಿಟಕಿಗೆ ಬಂದು ಲೋಟ ಚಾಚಿದ. ಸುರಿದೆ. ಹನ್ನೊಂದು ವರ್ಷ ಪ್ರತಿದಿನ ಸುರಿದೆ, ಒಂದು ಮಾತೂ ಆಡದೆ.

ಅವನು ಆಮೇಲೂ ಹಂದಿ ಹಿಡಿದ. ಪ್ರತಿ ಹಂದಿಯ ಬೀಜವನ್ನೂ ಎಲ್ಲರಿಗೆ ಕಾಣುವ ಹಾಗೆ ಕೈ ಎತ್ತಿ ನಾಯಿಗಳಿಗೆ ಎಸೆದ. ಜನ ಅವನನ್ನು ಹೊಗಳುವುದೂ ನಿಲ್ಲಲಿಲ್ಲ. ಆದರೆ ಅವನ ಗುರುತಿನ ಹಂದಿ ಅಂಗಳಕ್ಕೆ ಬಂದು ಬಿದ್ದರೆ, ಮೊದಲೆಲ್ಲ ಕಿವಿ ನೋಡುತ್ತಿದ್ದವರು ಈಗ ಕಿವಿಯ ಕಡೆ ಕಣ್ಣೂ ಹಾಯಿಸದೆ ನೇರ ಹೋಗಿ ಹಿಂಗಾಲು ಎತ್ತಿ ನೋಡುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಕುದುರೆಯ ಜೀನು ಬಿಚ್ಚುತ್ತ ಅದನ್ನೇ ನೋಡುತ್ತ ನಿಂತಿರುತ್ತಿದ್ದ. ನೋಡಲಿ ಎಂದುಕೊಳ್ಳುತ್ತಿದ್ದೆ ನಾನು.

ಈ ಸಲ ಬಯಲಿನ ನೀರಿಳಿಯತೊಡಗಿದಾಗ ಅವನು ಹಾಸಿಗೆ ಹಿಡಿದ. ಹೊಟ್ಟೆಯಲ್ಲಿ ಗಡ್ಡೆ. ಲಿಂದಾವ್ರಾಗೆ ಹೇಳಿ ಕಳಿಸಿದೆವು, ಹೊಳೆ ಇನ್ನೂ ತುಂಬಿತ್ತು, ಅವಳಿಗೆ ದಾಟಲಾಗಲಿಲ್ಲ. ಕಿಟಕಿಯ ಕೆಳಗೆ ಈಗ ಹೊಗಳುತ್ತಿರುವ ಈ ಗಂಡಸರು ಬಾಗಿಲಲ್ಲಿ ನಿಂತು ಟೋಪಿ ತೆಗೆದು ಹೋಗುತ್ತಿದ್ದರು. ಬಾಯಿಗೆ ನೀರು ಬಿಟ್ಟವಳು, ಹಾಸಿಗೆ ಬದಲಿಸಿದವಳು ನಾನು. ಕರುಣೆಯಿಂದಲ್ಲ. ಬೇರೆ ಯಾರೂ ಇರಲಿಲ್ಲ, ಕೊಮಾದ್ರೆ ಎಂಬ ಹೆಸರೊಂದು ಕೊರಳಿಗೆ ಬಿದ್ದಿತ್ತು.

ಕಡೆಯ ಹಿಂದಿನ ದಿನ ಮಧ್ಯಾಹ್ನ ಸಾರು ಮಾಡಿಕೊಂಡು ಹೋದೆ. ನಾಲ್ಕು ದಿನದಿಂದ ಏನೂ ಇಳಿದಿರಲಿಲ್ಲ. ಅವತ್ತು ಸಾರಿನ ಹಬೆಗೆ ಕಣ್ಣು ಬಿಟ್ಟ, ತುಟಿ ನೆಕ್ಕಿಕೊಂಡ. ತಲೆಯೆತ್ತಿ ಹಿಡಿದು ಚಮಚ ಬಾಯಿಗೆ ಒಯ್ದೆ.

"ಯಾವ್ ಸಾರು?" ಎಂದ.

"ಹಂದಿ ಸಾರು."

"ಯಾರ ಗುರುತಿಂದು?"

"ನಿಂದೇ," ಎಂದೆ.

ಅವನು ನನ್ನ ಮುಖ ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನೇರ ನೋಡಿದ. ಆಮೇಲೆ ತುಟಿ ಬಿಗಿದು, ಗೋಡೆಯ ಕಡೆ ತಿರುಗಿಕೊಂಡ. ಎಷ್ಟು ಹೇಳಿದರೂ ಬಾಯಿ ತೆರೆಯಲಿಲ್ಲ. ಆ ಮೇಲೆ ಅವನು ಏನನ್ನೂ ತಿನ್ನಲಿಲ್ಲ.

ಅದು ಕೋಳಿಸಾರು. ಹಸಿದು ಸಾಯುತ್ತಿದ್ದವನ ಬಾಯಿಯ ಮುಂದೆ ಹಿಡಿದು ಆ ಒಂದು ಸುಳ್ಳನ್ನು ನಾನು ಬೇಕೆಂದೇ ಹೇಳಿದೆ. ಬಟ್ಟಲು ತೆಗೆದುಕೊಂಡು ಹೊರಗೆ ಬಂದೆ. ಅವನ ನಾಯಿಗಳೆರಡೂ ಹೊಸಿಲ ಹತ್ತಿರ ನಾಲಿಗೆ ಚಾಚಿ ನನ್ನ ಕೈಯನ್ನೇ ನೋಡುತ್ತ ಕೂತಿದ್ದವು. ಅವುಗಳ ಮುಂದೆ ಸುರಿದೆ.